ಬಿಸಿನೀರು ಸುರಿದರೆ ಕಾರಿನ ಗೀರು ತಾನಾಗಿಯೇ ಮಾಯವಾಗುತ್ತದೆಯೇ?

ಹರಿದಾಡುತ್ತಿರುವ ಮಾತು: ‘ಸೆಲ್ಫ್ ಹೀಲಿಂಗ್ ಪೇಂಟ್ ಇರುವ ಕಾರಿಗೆ ಗೀರು ಬಿದ್ದರೆ ಚಿಂತೆ ಬೇಡ. ಕುದಿಯುವ ನೀರು ಸುರಿಯಿರಿ, ಇಲ್ಲವೇ ಬಿಸಿಲಿನಲ್ಲಿ ನಿಲ್ಲಿಸಿ. ಎಂಥ ಗೀರೂ ಮಾಯ. ಈ ಕಾರಿಗೆ ಬೇರೆ ಆರೈಕೆಯೇ ಬೇಡ.’

ವಾಸ್ತವ: ಅರ್ಧ ನಿಜ. ಕೂದಲೆಳೆಯಂಥ ಮೇಲ್ಮೈ ಗೀರುಗಳು ಶಾಖಕ್ಕೆ ನಿಜವಾಗಿಯೂ ಮಾಯವಾಗುತ್ತವೆ. ಆಳದ ಗೀರು ಮಾಯವಾಗುವುದಿಲ್ಲ. ಕುದಿಯುವ ನೀರು ಬೇಕಾಗಿಲ್ಲ, ಅದು ಅಪಾಯಕಾರಿ ಕೂಡ. ಆರೈಕೆಯಂತೂ ಬೇಕೇ ಬೇಕು.

ಬಾನೆಟ್ ಮೇಲೆ ತಂತಿ ಬ್ರಷ್ ಉಜ್ಜಿ, ಬಿಸಿನೀರು ಸುರಿದು, ಗೀರುಗಳು ಕಣ್ಣೆದುರೇ ಕರಗುವ ವಿಡಿಯೊ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಇದನ್ನು ನಂಬಿ ಆಳದ ಗೀರನ್ನು ‘ತಾನೇ ಸರಿಹೋಗುತ್ತದೆ’ ಎಂದು ಬಿಟ್ಟರೆ, ಮಂಗಳೂರಿನಂಥ ಊರಿನಲ್ಲಿ ಅಲ್ಲಿ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಆದ್ದರಿಂದ ಯಾವುದು ನಿಜ, ಯಾವುದು ಜಾಹೀರಾತು ಎಂದು ಬಿಡಿಸಿ ನೋಡೋಣ.

ಕಾರಿನ ಬಣ್ಣದಲ್ಲಿ ಎಷ್ಟು ಪದರ?

ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಮಗೆ ಕಾಣುವ ಬಣ್ಣ, ಕೊನೆಯಲ್ಲಿ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತಲೂ ತೆಳು. ಹೊಳಪು ಕೊಡುವುದು, ಬಿಸಿಲು ಮಳೆಯಿಂದ ಬಣ್ಣವನ್ನು ಕಾಪಾಡುವುದು ಇದೇ ಪದರ. ‘ಸೆಲ್ಫ್ ಹೀಲಿಂಗ್’ ಎಂಬ ಗುಣ ಇರುವುದೂ ಇದರಲ್ಲೇ. ಕೆಳಗಿನ ಬಣ್ಣಕ್ಕಾಗಲಿ ತಗಡಿಗಾಗಲಿ ಆ ಗುಣವಿಲ್ಲ.

ಗೀರು ಮಾಯವಾಗುವುದು ಹೇಗೆ?

ಫೋಮಿನ ದಿಂಬಿಗೆ ಬೆರಳು ಒತ್ತಿ ತೆಗೆದರೆ ಗುಳಿ ಬಿದ್ದು ನಿಧಾನವಾಗಿ ಮೇಲೇಳುತ್ತದೆ. ಅದೇ ದಿಂಬನ್ನು ಕತ್ತಿಯಿಂದ ಸೀಳಿದರೆ ಎಷ್ಟು ಹೊತ್ತು ಕಾದರೂ ಕೂಡಿಕೊಳ್ಳುವುದಿಲ್ಲ. ಇಲ್ಲಿಯೂ ಹಾಗೆಯೇ.

ಈ ಬಗೆಯ ಕ್ಲಿಯರ್ ಕೋಟ್ ಸಾಮಾನ್ಯವಾಗಿ ಪಾಲಿಯುರೆಥೇನ್ ಜಾತಿಯ ಪಾಲಿಮರ್. ಉದ್ದುದ್ದ ಅಣುಸರಪಳಿಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಮಾಮೂಲಿ ಕ್ಲಿಯರ್ ಕೋಟ್‌ಗಿಂತ ಈ ಬಲೆ ಹೆಚ್ಚು ಹಿಗ್ಗಬಲ್ಲದು. ಸಣ್ಣ ಗೀರು ಬಿದ್ದಾಗ ಸರಪಳಿಗಳು ಪಕ್ಕಕ್ಕೆ ಸರಿದಿರುತ್ತವೆಯೇ ಹೊರತು ತುಂಡಾಗಿರುವುದಿಲ್ಲ. ಶಾಖ ಸಿಕ್ಕಾಗ ಅವು ಸಡಿಲಗೊಂಡು ಹಳೆಯ ಜಾಗಕ್ಕೆ ಮರಳುತ್ತವೆ, ಮೇಲ್ಮೈ ಮತ್ತೆ ಸಮವಾಗುತ್ತದೆ. ಗೀರು ಬಿದ್ದಲ್ಲಿ ಲೇಪ ಕಿತ್ತುಹೋಗಿದ್ದರೆ ತುಂಬಿಕೊಳ್ಳಲು ಅಲ್ಲಿ ವಸ್ತುವೇ ಇರುವುದಿಲ್ಲ.

ಹೊಸ ಮಾತೇನಲ್ಲ

ನಿಸಾನ್ ಕಂಪನಿ ಇಂಥ ಕ್ಲಿಯರ್ ಕೋಟನ್ನು 2005ರ ಡಿಸೆಂಬರ್‌ನಲ್ಲೇ ಪ್ರಕಟಿಸಿತ್ತು. ತಾಪಮಾನ ಮತ್ತು ಗೀರಿನ ಆಳವನ್ನು ನೋಡಿಕೊಂಡು ಸರಿಹೋಗಲು ಒಂದು ದಿನದಿಂದ ಒಂದು ವಾರ ಬೇಕು, ಪರಿಣಾಮ ಸುಮಾರು 3 ವರ್ಷ ಉಳಿಯುತ್ತದೆ ಎಂದು ಕಂಪನಿಯೇ ಹೇಳಿತ್ತು. ಭಾರತದಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಬಿಎಂಡಬ್ಲ್ಯು ಐಎಕ್ಸ್ ಕಾರಿನ ಮುಂಭಾಗದ ಗ್ರಿಲ್‌ಗೂ ಈ ಗುಣವಿದೆ. ಸಣ್ಣ ಗೀರು ಸಾಮಾನ್ಯ ತಾಪಮಾನದಲ್ಲಿ 24 ಗಂಟೆಯಲ್ಲಿ, ಬಿಸಿಗಾಳಿ ಕೊಟ್ಟರೆ 5 ನಿಮಿಷದಲ್ಲಿ ಸರಿಹೋಗುತ್ತದೆ ಎನ್ನುತ್ತದೆ ಕಂಪನಿ. ತಯಾರಿಸಿದವರೇ ‘ಸಣ್ಣ ಗೀರು’ ಎನ್ನುತ್ತಾರೆ. ‘ಎಂಥ ಗೀರೂ’ ಎಂಬುದು ಫಾರ್ವರ್ಡ್‌ನಲ್ಲಿ ಸೇರಿಕೊಂಡ ಮಾತು.

ಪ್ರಯೋಗಾಲಯದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಅಮೆರಿಕದ ಸದರ್ನ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಿಸ್ವಜಿತ್ ಘೋಷ್ ಮತ್ತು ಮಾರೆಕ್ ಅರ್ಬನ್ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬೇರೆಯೇ ಬಗೆಯ ಪಾಲಿಯುರೆಥೇನ್ ಬಗ್ಗೆ ಬರೆದರು. ಏಡಿ, ಸೀಗಡಿಗಳ ಚಿಪ್ಪಿನಿಂದ ಸಿಗುವ ಕೈಟೋಸಾನ್ ಸೇರಿಸಿದ ಆ ಲೇಪದಲ್ಲಿ ತುಂಡಾದ ಬಂಧಗಳೂ ಅತಿನೇರಳೆ ಕಿರಣ ಬಿದ್ದಾಗ ಮತ್ತೆ ಕೂಡಿಕೊಂಡವು. ನಾವು ತಿಂದು ಎಸೆಯುವ ಎಟ್ಟಿ ಸಿಪ್ಪೆಯಲ್ಲಿ ಇಂಥ ಸಾಧ್ಯತೆ ಅಡಗಿದೆ! ಆದರೆ ಶೋರೂಮಿನಲ್ಲಿ ‘ಸೆಲ್ಫ್ ಹೀಲಿಂಗ್’ ಎಂದು ತೋರಿಸುವುದು ಇದನ್ನಲ್ಲ.

ನಿಮ್ಮ ಕಾರಿನಲ್ಲಿ ಇರುವುದು ಯಾವುದು?

ಗೊಂದಲ ಹೆಚ್ಚಿರುವುದು ಇಲ್ಲೇ. ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳ ಮಾತು ನಡೆಯುತ್ತದೆ.

1. ಕಾರ್ಖಾನೆಯಲ್ಲೇ ಹಾಕಿದ ಸೆಲ್ಫ್ ಹೀಲಿಂಗ್ ಕ್ಲಿಯರ್ ಕೋಟ್. ನಮ್ಮ ರಸ್ತೆಯ ಹೆಚ್ಚಿನ ಕಾರುಗಳಲ್ಲಿ ಇದು ಇಲ್ಲ. ಇದ್ದರೆ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ.

2. ಪಿಪಿಎಫ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್. ಇದರ ದಪ್ಪ ಸುಮಾರು 150ರಿಂದ 200 ಮೈಕ್ರಾನ್. ಒಳ್ಳೆಯ ಪಿಪಿಎಫ್‌ನ ಮೇಲ್ಪದರಕ್ಕೆ ಸೆಲ್ಫ್ ಹೀಲಿಂಗ್ ಗುಣ ಇರುತ್ತದೆ. ತಂತಿ ಬ್ರಷ್ ವಿಡಿಯೊಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ. ಅಲ್ಲಿ ಬಳಸುವ ಬ್ರಷ್ ಸಾಮಾನ್ಯವಾಗಿ ಮೆತ್ತನೆಯ ಹಿತ್ತಾಳೆಯದು, ಉಜ್ಜುವುದೂ ಹಗುರಾಗಿ.

3. ಸೆರಾಮಿಕ್ ಕೋಟಿಂಗ್. ಇದು ನೀರು ಜಾರುವಂತೆ ಮಾಡುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಆದರೆ ಮಾಮೂಲಿ ಸೆರಾಮಿಕ್ ಕೋಟಿಂಗ್ ಗೀರನ್ನು ಮಾಯ ಮಾಡುವುದಿಲ್ಲ. ‘9 ಎಚ್, ವಜ್ರದಷ್ಟು ಗಟ್ಟಿ’ ಎಂಬ ಮಾತನ್ನೂ ನಂಬಬೇಡಿ. 9 ಎಚ್ ಎಂಬುದು ಪೆನ್ಸಿಲ್ ಮೊನೆಯಿಂದ ಮಾಡುವ ಪರೀಕ್ಷೆಯ ಅಳತೆ. ವಜ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಉಗುರಿನ ಪರೀಕ್ಷೆ

ಗೀರಿನ ಮೇಲೆ ಅಡ್ಡಲಾಗಿ ಉಗುರನ್ನು ಹಗುರಾಗಿ ಎಳೆಯಿರಿ. ಉಗುರು ಜಾರಿ ಹೋದರೆ ಗೀರು ಮೇಲ್ಮೈಯದ್ದು. ಸೆಲ್ಫ್ ಹೀಲಿಂಗ್ ಪದರವಿದ್ದರೆ ಶಾಖಕ್ಕೆ ಸರಿಹೋಗಬಹುದು. ಉಗುರು ಸಿಕ್ಕಿಕೊಂಡರೆ ಗೀರು ಆಳದ್ದು, ತಾನಾಗಿ ಸರಿಹೋಗುವ ಸಾಧ್ಯತೆ ಬಹಳ ಕಡಿಮೆ. ಬೇರೆ ಬಣ್ಣವೋ ಲೋಹವೋ ಕಂಡರೆ ಕಾಯುತ್ತ ಕೂರಬೇಡಿ.

ಬಿಸಿನೀರು ಎಷ್ಟು ಬಿಸಿ ಇರಬೇಕು?

ಅತ್ತಾವರದಲ್ಲಿ ಏಪ್ರಿಲ್ ಮಧ್ಯಾಹ್ನ ಅರ್ಧ ಗಂಟೆ ಬಿಸಿಲಲ್ಲಿ ನಿಂತ ಗಾಢ ಬಣ್ಣದ ಕಾರಿನ ಬಾನೆಟ್ ಮುಟ್ಟಿ ನೋಡಿ, ಕೈ ಇಡಲಾಗುವುದಿಲ್ಲ. ಅಷ್ಟು ಶಾಖವೇ ಸಣ್ಣ ಗೀರಿಗೆ ಸಾಮಾನ್ಯವಾಗಿ ಸಾಕು. ಮೋಡ ಕವಿದ ಜುಲೈಯಲ್ಲಿ ನಿಧಾನವಾಗುತ್ತದೆ, ಅಷ್ಟೇ. ಬೇಕಿದ್ದರೆ ಸ್ನಾನದ ನೀರಿಗಿಂತ ಸ್ವಲ್ಪ ಬಿಸಿ ಇರುವ ನೀರನ್ನು ಮೊದಲೇ ತೊಳೆದ ಜಾಗಕ್ಕೆ ನಿಧಾನವಾಗಿ ಸುರಿಯಬಹುದು.

ಕುದಿಯುವ ನೀರಿನಿಂದ ಮೊದಲು ಸುಡುವುದು ನಿಮ್ಮ ಕೈಕಾಲು, ಪಕ್ಕದಲ್ಲಿ ನಿಂತ ಮಗು. ತಣ್ಣಗಿರುವ ಗಾಜಿನ ಮೇಲೆ ಬಿದ್ದರೆ ಗಾಜು ಬಿರುಕು ಬಿಡಬಹುದು. ಹೀಟ್ ಗನ್ ಒಂದೇ ಕಡೆ ಹಿಡಿದರೆ ಫಿಲ್ಮ್ ಸುಕ್ಕುಗಟ್ಟುತ್ತದೆ, ಬಣ್ಣವೂ ಹಾಳಾಗುತ್ತದೆ.

ಕರಾವಳಿಯಲ್ಲಿ ಆರೈಕೆ ಹೇಗೆ?

ಅತ್ತಾವರದಿಂದ ಅರಬ್ಬಿ ಸಮುದ್ರಕ್ಕೆ ಕೆಲವೇ ಕಿಲೋಮೀಟರ್. ಗಾಳಿಯಲ್ಲಿ ತೇವ, ಉಪ್ಪು ಎರಡೂ ಇವೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಿರಿದಾದ ಒಳರಸ್ತೆಗಳಲ್ಲಿ ಕೆಂಪುಕಲ್ಲಿನ ಕಂಪೌಂಡಿಗೆ ಒತ್ತಿ ಕಾರು ನಿಲ್ಲಿಸುವುದು, ಮಾವು ಹಲಸಿನ ನೆರಳು ಹುಡುಕುವುದು ಇಲ್ಲಿ ಮಾಮೂಲು. ಹಾಗಾಗಿ:

• ಬೆಳಿಗ್ಗೆ ಎದ್ದು ಒಣ ಬೈರಾಸಿನಿಂದ ಧೂಳು ಒರೆಸುವ ಅಭ್ಯಾಸ ಬಿಡಿ. ಕೆಂಪು ಧೂಳು ಮತ್ತು ಮರಳಿನ ಕಣಗಳು ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಒಣ ಬಟ್ಟೆಯಡಿ ಅವು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಮೊದಲು ನೀರು ಹಾಯಿಸಿ, ಆಮೇಲೆ ಮುಟ್ಟಿ.

• ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆಯಿರಿ. ಎರಡು ಬಕೆಟ್ ಇರಲಿ: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಾಡಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ.

• ಹಕ್ಕಿ ಹಿಕ್ಕೆ, ಮಾವಿನ ಸೊನೆ, ಹಲಸಿನ ಮೇಣ ಬಿದ್ದರೆ ಅದೇ ದಿನ ತೆಗೆಯಿರಿ. ಒದ್ದೆ ಬಟ್ಟೆಯನ್ನು ಕೆಲವು ನಿಮಿಷ ಹೊದಿಸಿ, ಮೆತ್ತಗಾದ ಮೇಲೆ ಎತ್ತಿ. ಕೆರೆಯಬೇಡಿ. ಇವುಗಳಿಂದ ಆಗುವುದು ರಾಸಾಯನಿಕ ಕಲೆ, ಗೀರಲ್ಲ. ಅದನ್ನು ಸೆಲ್ಫ್ ಹೀಲಿಂಗ್ ಸರಿಪಡಿಸುವುದಿಲ್ಲ.

• ಟೂತ್‌ಪೇಸ್ಟ್, ರಬ್ಬಿಂಗ್ ಕಾಂಪೌಂಡ್ ಬೇಡ. ಟೂತ್‌ಪೇಸ್ಟ್‌ನಲ್ಲಿ ಹಲ್ಲು ಉಜ್ಜಲೆಂದೇ ನುಣ್ಣನೆಯ ಪುಡಿ ಇರುತ್ತದೆ. ಅದು ಗೀರು ತುಂಬುವುದಿಲ್ಲ, ಸುತ್ತಲಿನ ಲೇಪವನ್ನೇ ಸವೆಸುತ್ತದೆ. ಸೆಲ್ಫ್ ಹೀಲಿಂಗ್ ಪದರ ಸವೆದರೆ ಆ ಗುಣವೂ ಹೋಯಿತು.

• ಸೀಮೆಎಣ್ಣೆ, ಡೀಸೆಲ್ ಒರೆಸುವುದೂ ಬೇಡ. ಆ ಹೊಳಪು ಎಣ್ಣೆಯದ್ದು, ಬಣ್ಣದ್ದಲ್ಲ. ಅದಕ್ಕೆ ಧೂಳು ಇನ್ನಷ್ಟು ಅಂಟುತ್ತದೆ.

• ಪಿಪಿಎಫ್ ಹಾಕಿಸಿದ್ದರೆ ಪ್ರೆಷರ್ ವಾಶರ್ ನೀರನ್ನು ಫಿಲ್ಮ್‌ನ ಅಂಚಿಗೆ ಹತ್ತಿರದಿಂದ ಹೊಡೆಯಬೇಡಿ. ಅಂಚು ಎದ್ದರೆ ಒಳಗೆ ಕೆಸರು ಸೇರುತ್ತದೆ.

• ಒದ್ದೆ ಅಥವಾ ಧೂಳಿನ ಕಾರಿಗೆ ಕವರ್ ಹಾಕಬೇಡಿ. ತೇವ ಒಳಗೇ ಉಳಿಯುತ್ತದೆ, ಗಾಳಿಗೆ ಕವರ್ ಉಜ್ಜಿ ಹೊಸ ಗೀರುಗಳಾಗುತ್ತವೆ.

ಲೋಹ ಕಂಡರೆ ಏನು ಮಾಡಬೇಕು?

ಕಂಪೌಂಡಿಗೆ ಉಜ್ಜಿ ಬಾಗಿಲಿನ ತಗಡು ಕಂಡಿದ್ದರೆ ಜಾಗ ತೊಳೆದು ಒಣಗಿಸಿ, ಕಾರಿನ ಬಣ್ಣದ ಕೋಡ್ ಹೇಳಿ ಟಚ್ ಅಪ್ ಪೇಂಟ್ ತಂದು ಹಚ್ಚಿ. ದೊಡ್ಡ ಗೀರಾದರೆ ಪೇಂಟರ್ ಬಳಿ ಹೋಗಿ. ಉಪ್ಪು ಬೆರೆತ ತೇವ ಬರಿಯ ಉಕ್ಕಿಗೆ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ, ಬಣ್ಣದ ಅಡಿಯಲ್ಲೇ ಹಬ್ಬುತ್ತದೆ. ಇವತ್ತು ಸಣ್ಣ ಬಾಟಲಿ ಬಣ್ಣದಲ್ಲಿ ಮುಗಿಯುವ ಕೆಲಸ ಮುಂದಿನ ವರ್ಷ ಇಡೀ ಬಾಗಿಲಿಗೆ ಪೇಂಟ್ ಹೊಡೆಸುವಲ್ಲಿಗೆ ಬರುತ್ತದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ, ಅಲ್ಲಿ ಅವಸರ ಬೇಡ.

ಹಣ ಕೊಡುವ ಮುನ್ನ ಕೇಳಿ

ಸೆಲ್ಫ್ ಹೀಲಿಂಗ್ ಎಂದು ಯಾರಾದರೂ ಹೇಳಿದರೆ ನಾಲ್ಕು ಪ್ರಶ್ನೆ ಕೇಳಿ. ಇದು ಫಿಲ್ಮೋ ಕೋಟಿಂಗೋ? ಫಿಲ್ಮ್ ಆದರೆ ಯಾವ ಕಂಪನಿಯದು, ಎಷ್ಟು ಮೈಕ್ರಾನ್? ಎಂಥ ಗೀರಿಗೆ ವಾರಂಟಿ, ಎಷ್ಟು ವರ್ಷ? ಇದನ್ನೆಲ್ಲ ಬಿಲ್ ಮೇಲೆ ಬರೆದುಕೊಡುತ್ತೀರಾ? ಬಾಯಿಮಾತಿನ ವಾರಂಟಿಗೆ ಬೆಲೆಯಿಲ್ಲ. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಉಗುರು ಜಾರುವ ಗೀರು, ಅದೂ ಸೆಲ್ಫ್ ಹೀಲಿಂಗ್ ಪದರ ಇದ್ದರೆ ಮಾತ್ರ, ಬಿಸಿಲಿಗೆ ಮಾಯವಾಗಬಹುದು. ಉಗುರು ಸಿಕ್ಕುವ ಗೀರಿಗೆ ದುರಸ್ತಿ ಬೇಕು. ಲೋಹ ಕಂಡರೆ ಮಳೆ ಬರುವ ಮುನ್ನ ಬಣ್ಣ ಮುಚ್ಚಿ. ಕುದಿಯುವ ನೀರು, ಟೂತ್‌ಪೇಸ್ಟ್, ಸೀಮೆಎಣ್ಣೆ ಕಾರಿಗೆ ಬೇಡ.