ಶೋಕದ ಅಧ್ಯಯನ: ಅದರ ಚರಿತ್ರೆಯ ಕೆಲವು ಪುಟಗಳು

ಲಂಡನ್ ನಗರದಲ್ಲಿ ಸತ್ತವರ ಲೆಕ್ಕವನ್ನು ಕಾರಣಸಹಿತವಾಗಿ ಬರೆದಿಡುವ ಪದ್ಧತಿ ಹದಿನೇಳನೆಯ ಶತಮಾನದಲ್ಲಿಯೇ ಇದ್ದಿತು. 1632ನೆಯ ಇಸವಿಯ ಪಟ್ಟಿಯಲ್ಲಿ ಜ್ವರ, ಕ್ಷಯ, ಸಿಡುಬುಗಳ ಸಾಲಿನಲ್ಲಿಯೇ ‘ದುಃಖ’ ಎಂಬುದೂ ಒಂದು ಕಾರಣವಾಗಿ ನಿಂತಿದೆ. ಅದರ ಮುಂದೆ 11 ಎಂಬ ಅಂಕಿ. ಇದನ್ನು ಕಂಡು ನಾವು ನಗಬೇಕಾದುದಿಲ್ಲ. ಆ ಲೆಕ್ಕಿಗರ ಊಹೆಯಲ್ಲಿ ಸತ್ಯಾಂಶವಿದೆಯೆಂದು ತೋರಿಸಲು ವೈದ್ಯಶಾಸ್ತ್ರಕ್ಕೆ ಮುನ್ನೂರು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು.

ಮರಣಶೋಕವನ್ನು ಮನಶ್ಶಾಸ್ತ್ರದ ವಿಷಯವಾಗಿ ಎತ್ತಿಕೊಂಡವರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಪ್ರಮುಖನು. ಶೋಕವು ರೋಗವಲ್ಲ, ಮನಸ್ಸು ಮಾಡಿ ಮುಗಿಸಬೇಕಾದ ಒಂದು ಕೆಲಸ ಎಂದು ಆತನು 1917ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಪ್ರತಿಪಾದಿಸಿದನು. ಸತ್ತವರಲ್ಲಿ ನೆಟ್ಟ ಮಮತೆಯನ್ನು ಒಂದೊಂದೇ ನೆನಪಿನಿಂದ ಬಿಡಿಸಿಕೊಂಡ ಬಳಿಕ ಮನಸ್ಸು ಬಿಡುಗಡೆ ಹೊಂದುವುದೆಂದು ಆತನ ಮತ. ಆದರೆ 1920ರಲ್ಲಿ ಆತನ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. 1929ರಲ್ಲಿ, ಮಗನನ್ನು ಕಳೆದುಕೊಂಡಿದ್ದ ಸ್ನೇಹಿತನೊಬ್ಬನಿಗೆ ಬರೆದ ಕಾಗದದಲ್ಲಿ, ತೆರವಾದ ಸ್ಥಳ ಎಂದಿಗೂ ಪೂರ್ಣವಾಗಿ ತುಂಬದು, ಹಾಗಿರುವುದೇ ಸರಿ ಎಂಬರ್ಥದ ಮಾತನ್ನು ಆತನೇ ಬರೆದನು. ಈ ವಿಷಯದಲ್ಲಿ ಶಾಸ್ತ್ರಜ್ಞನಿಗಿಂತ ತಂದೆಯೇ ಹೆಚ್ಚು ಬಲ್ಲವನೆಂದು ನಮಗೆ ತೋರುತ್ತದೆ.

ಗ್ರಂಥದ ಮಾತು ಆಸ್ಪತ್ರೆಯ ಹಾಸಿಗೆಯ ಬಳಿಗೆ ಬಂದುದು ಒಂದು ಮಹಾ ದುರಂತದಿಂದ. 1942ನೆಯ ನವೆಂಬರ್ 28ರ ಶನಿವಾರ ರಾತ್ರಿ, ಅಮೆರಿಕದ ಬೋಸ್ಟನ್ ನಗರದ ‘ಕೋಕೋನಟ್ ಗ್ರೋವ್’ ಎಂಬ ವಿನೋದಗೃಹಕ್ಕೆ ಬೆಂಕಿ ಬಿದ್ದಿತು. ಒಳಗೆ ಮಿತಿಮೀರಿ ಜನ ತುಂಬಿದ್ದರು. ಮುಂದಿನ ತಿರುಗುಬಾಗಿಲು ನೂಕುನುಗ್ಗಲಿನಲ್ಲಿ ಸಿಕ್ಕಿ ನಿಂತುಹೋಯಿತು; ಉಳಿದ ಕೆಲವು ಬಾಗಿಲುಗಳಿಗೆ ಬೀಗ. ಸತ್ತವರು 492 ಮಂದಿ. ಬದುಕಿದವರಲ್ಲಿ ಹಲವರನ್ನು ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಗೆ ತಂದರು. ಸುಟ್ಟ ಮೈ ಮಾಯುತ್ತ ಬಂದರೂ ಮನಸ್ಸು ಮಾಯದವರನ್ನು ಅಲ್ಲಿ ಕಂಡವನು ಎರಿಕ್ ಲಿಂಡೆಮನ್ ಎಂಬ ಮನೋವೈದ್ಯ. ಆ ದುರಂತದವರೊಡನೆ ಬೇರೆ ಕಾರಣಗಳಿಂದ ಆಪ್ತರನ್ನು ಕಳೆದುಕೊಂಡವರನ್ನೂ ಸೇರಿಸಿ, 101 ಮಂದಿಯನ್ನು ವಿಚಾರಿಸಿ, ಆತನು 1944ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು.

ಗಂಟಲು ಬಿಗಿಯುವುದು, ಉಸಿರು ಕಟ್ಟುವುದು, ಮೇಲಿಂದ ಮೇಲೆ ನಿಟ್ಟುಸಿರು, ಹೊಟ್ಟೆ ಬರಿದಾದಂತೆನಿಸುವುದು, ಕೈಕಾಲುಗಳ ಶಕ್ತಿ ಉಡುಗುವುದು: ಇವು ಅಲೆಯಲೆಯಾಗಿ ಬಂದು ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಇರುತ್ತಿದ್ದುವು. ಸತ್ತವರ ಹೆಸರೆತ್ತಿದರೆ, ಸಮಾಧಾನ ಹೇಳಲು ಯಾರಾದರೂ ಬಂದರೆ, ಮತ್ತೆ ಅಲೆ. ಆದರೆ ಲಿಂಡೆಮನ್ನನಿಗೆ ಅತ್ತವರಿಗಿಂತ ಅಳದವರ ಚಿಂತೆಯೇ ಹೆಚ್ಚಾಗಿತ್ತು. ಹದಿನೇಳು ವರ್ಷದ ಹುಡುಗಿಯೊಬ್ಬಳು ಆ ಬೆಂಕಿಯಲ್ಲಿ ತಂದೆ, ತಾಯಿ, ಪ್ರಿಯಕರ ಮೂವರನ್ನೂ ಕಳೆದುಕೊಂಡು, ತಾನೂ ಸುಟ್ಟಗಾಯಗಳಿಂದ ಮಲಗಿದ್ದಳು. ಆದರೂ ನಗುಮುಖ! ತಮ್ಮ ತಂಗಿಯರಿಗೆ ತಾನೇ ತಾಯಿಯಾಗಬೇಕೆಂಬ ಆತುರದಿಂದ ಮೂರು ವಾರಕ್ಕೆ ಮನೆಗೆ ಹೊರಟಳು. ಅವಳ ಕಣ್ಣೀರು ಹೊರಬಂದುದು ಹತ್ತನೆಯ ವಾರದಲ್ಲಿ. ತಡೆದ ಶೋಕ ಕಳೆದುಹೋಗುವುದಿಲ್ಲ, ಕಾದು ಕುಳಿತಿರುತ್ತದೆ ಎಂಬುದನ್ನು ಆತನು ಇಂಥವರಿಂದ ಕಲಿತನು. ನಾಲ್ಕರಿಂದ ಆರು ವಾರಗಳಲ್ಲಿ ಎಂಟು ಹತ್ತು ಭೇಟಿಗಳಿಂದ ಸಾಮಾನ್ಯ ಶೋಕವನ್ನು ದಾಟಿಸಬಹುದೆಂದೂ ಆತನು ನಂಬಿದ್ದನು. ಈ ಮಾತು ನಿಲ್ಲಲಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವ ಶೋಕವೂ ಸಹಜವೇ ಎಂದು ಮುಂದಿನವರು ಕಂಡರು.

ಇನ್ನು ಲಂಡನ್ನಿನ ಆ 11ರ ಮಾತು. 1957ರಲ್ಲಿ ಹೆಂಡತಿಯನ್ನು ಕಳೆದುಕೊಂಡ, 55 ವರ್ಷ ತುಂಬಿದ 4486 ಗಂಡಸರನ್ನು ಇಂಗ್ಲೆಂಡಿನ ಸಂಶೋಧಕರು ಒಂಬತ್ತು ವರ್ಷ ಲೆಕ್ಕವಿಟ್ಟು ಹಿಂಬಾಲಿಸಿದರು. ಮೊದಲ ಆರು ತಿಂಗಳಲ್ಲಿಯೇ 213 ಮಂದಿ ತೀರಿಕೊಂಡರು. ಅದೇ ವಯಸ್ಸಿನ ವಿವಾಹಿತರಿಗಿಂತ ಇದು ನೂರಕ್ಕೆ 40ರಷ್ಟು ಹೆಚ್ಚು. ಹೆಚ್ಚಳ ಬಹುವಾಗಿ ಕಂಡುದು ಹೃದ್ರೋಗದಲ್ಲಿ. 1969ರಲ್ಲಿ ಪಾರ್ಕ್ಸ್ ಮೊದಲಾದವರು ಇದನ್ನು ಪ್ರಕಟಿಸಿದರು. ಎದೆಯೊಡೆದು ಸತ್ತನು ಎಂಬ ನಮ್ಮ ಹಳ್ಳಿಯ ಮಾತು ಬರಿಯ ಅಲಂಕಾರವಲ್ಲ. ಹಠಾತ್ತಾದ ಆಘಾತದಿಂದ ಹೃದಯದ ಎಡಕೋಣೆ ಉಬ್ಬಿ ದುರ್ಬಲವಾಗುವ ಸ್ಥಿತಿಯನ್ನು ಜಪಾನಿನ ವೈದ್ಯರು ಗುರುತಿಸಿ, ಆ ಆಕಾರದ ಹೋಲಿಕೆಯಿಂದ, ಅಷ್ಟಪದಿಯನ್ನು ಹಿಡಿಯುವ ಮಡಕೆಯ ಹೆಸರನ್ನು 1990ರಲ್ಲಿ ಅದಕ್ಕೆ ಕೊಟ್ಟರು. ಬಹುಮಂದಿ ಅದರಿಂದ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಜನಪ್ರಿಯವಾದುದು ಮಾತ್ರ ಬೇರೊಂದು ಗ್ರಂಥ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಮೆಟ್ಟಲುಗಳು ಸಾಯುತ್ತಿರುವ ರೋಗಿಗಳನ್ನು ಕುರಿತವು. ಅವನ್ನು ಉಳಿದವರ ಶೋಕಕ್ಕೂ ಹೊದಿಸಿದುದರಿಂದ, ಮೆಟ್ಟಲು ತಪ್ಪಿದವರು ತಮ್ಮಲ್ಲೇನೋ ಕೊರತೆಯಿದೆಯೆಂದು ಕೊರಗುವಂತಾಯಿತು. 1996ರಲ್ಲಿ ಕ್ಲಾಸ್ ಮೊದಲಾದವರು, ಸತ್ತವರೊಡನೆ ನಂಟು ಉಳಿಸಿಕೊಳ್ಳುವುದು ದೋಷವಲ್ಲವೆಂದು ವಾದಿಸಿದರು. ವರ್ಷ ವರ್ಷವೂ ತಿಥಿ ಮಾಡಿ, ಎಡೆಯಿಟ್ಟು, ಹಿರಿಯರ ಹೆಸರು ಹಿಡಿದು ಕರೆಯುವ ಮನೆಗಳಿಗೆ ಇದೇನೂ ಹೊಸತಾಗಿ ಕಾಣಲಾರದು.

2022ರಿಂದ, ತೀರದ ಶೋಕವು ರೋಗಗಳ ಅಧಿಕೃತ ಪಟ್ಟಿಗಳಲ್ಲಿ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ ಆರು ತಿಂಗಳೆನ್ನುತ್ತದೆ; ಅಮೆರಿಕದ ಮನೋವೈದ್ಯರದು, ವಯಸ್ಕರಿಗೆ, ಹನ್ನೆರಡು ತಿಂಗಳು. ಆದರೆ ಆಯಾ ಸಮಾಜದ, ಧರ್ಮದ ವಾಡಿಕೆಯನ್ನು ಮೀರಿದ ಶೋಕವನ್ನು ಮಾತ್ರ ಹಾಗೆ ಎಣಿಸತಕ್ಕದ್ದೆಂದು ಎರಡೂ ಹೇಳುತ್ತವೆ. ಹದಿಮೂರು ದಿನ ಸೂತಕ ಹಿಡಿದು ವರ್ಷಾಬ್ದಿಕದವರೆಗೂ ಹಬ್ಬ ಮಾಡದ ಮನೆಯಿದೆ. ವಿಧವೆಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಇರುವ ನೆರೆಮನೆಯೂ ಇದೆ. ರೋಗವೆಂದು ಬರೆಯುವ ಮುನ್ನ ವೈದ್ಯನು ಇದನ್ನು ಕೇಳಿ ತಿಳಿಯಬೇಕಾಗುತ್ತದೆ.