ಬಾಯ್ಕಾಟ್: ಒಬ್ಬ ಏಜೆಂಟನ ಹೆಸರು, ನಮ್ಮೂರಿನ ಸುದ್ದಿ

ಹೋದ ಚುನಾವಣೆ ಹೊತ್ತಿನಲ್ಲಿ ಒಂದೇ ದಿನ ಎರಡು ಸುದ್ದಿ ಕಳಿಸಿದ್ದೆ. ರಸ್ತೆ ಮಾಡಿಸದಿದ್ದರೆ ಓಟು ಹಾಕುವುದಿಲ್ಲ ಎಂದು ಒಂದು ಊರಿನವರು ಬೋರ್ಡ್ ಬರೆಸಿ ನೇತುಹಾಕಿದ್ದರು. ಇನ್ನೊಂದು ಊರಿನಲ್ಲಿ ಎರಡು ದಲಿತ ಕುಟುಂಬಗಳಿಗೆ ಅಂಗಡಿ ಸಾಮಾನು, ಹಿಟ್ಟಿನ ಗಿರಣಿ, ಕೂಲಿ ಎಲ್ಲ ನಿಂತುಹೋಗಿತ್ತು. ಎರಡಕ್ಕೂ ನಾನು ಬರೆದ ಪದ ಒಂದೇ: ಬಹಿಷ್ಕಾರ. ಮರುದಿನ ಬೆಳಿಗ್ಗೆ ಎರಡನೇ ಊರಿನ ಅಜ್ಜ ಫೋನ್ ಮಾಡಿದರು. “ಅಲ್ಲ ಕಣಪ್ಪಾ, ಬಸ್ ಸ್ಟ್ಯಾಂಡಲ್ಲಿ ಓದ್ದೋರೆಲ್ಲ ನಾವೂ ಓಟು ಹಾಕಲ್ಲ ಅಂತ ಕೂತಿದೀವಿ ಅನ್ಕೊಂಡವ್ರೆ. ನಾವೇನ್ ಬಿಟ್ಟಿದೀವಿ? ನಮ್ಮನ್ನ ಬಿಟ್ಟವ್ರೆ.”

ತಪ್ಪು ನನ್ನದೇ. ಆಮೇಲೆ ಆ ಪದದ ಬೆನ್ನು ಹತ್ತಿದೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ಬಾಯ್ಕಾಟ್’ ಅನ್ನುತ್ತಾರೆ. ಡಿಪ್ಲೊಮಾ ಓದುವಾಗ ಅದು ‘ಬಾಯ್’ ಮತ್ತು ‘ಕಾಟ್’ ಕೂಡಿ ಆದ ಪದ ಅಂದುಕೊಂಡಿದ್ದೆ. ಹುಡುಗನಿಗೂ ಮಂಚಕ್ಕೂ ಏನು ಸಂಬಂಧ ಎಂದು ತಲೆ ಕೆರೆದುಕೊಂಡದ್ದೂ ಉಂಟು. ಅಸಲಿಗೆ ಅದು ಒಬ್ಬ ಮನುಷ್ಯನ ಹೆಸರು.

ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ. ಹುಟ್ಟಿದಾಗ ಅವರ ಮನೆತನದ ಹೆಸರು ‘ಬಾಯ್ಕ್ಯಾಟ್’. 1841ರಲ್ಲಿ ಮನೆಯವರು ಒಂದಕ್ಷರ ಬದಲಿಸಿ ‘ಬಾಯ್ಕಾಟ್’ ಮಾಡಿಕೊಂಡರು. ಇಂಗ್ಲಿಷಿನಲ್ಲಿ ಕೊನೆಗೆ ಎರಡು ‘ಟಿ’ ಬರುವುದು ಅದು ಹೆಸರಾದ್ದರಿಂದಲೇ. ಅವನು ಸೈನ್ಯದಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಐರ್ಲೆಂಡಿಗೆ ಹೋಗಿ ನೆಲೆಸಿದ. ಮೇಯೋ ಜಿಲ್ಲೆಯ ಮಾಸ್ಕ್ ಸರೋವರದ ಹತ್ತಿರ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಭೂಮಿಗೆ ಏಜೆಂಟಾದ. ಒಡೆಯನ ಪರವಾಗಿ ಗೇಣಿ ವಸೂಲಿ ಮಾಡುವವನು. ನಮ್ಮ ಹಿರಿಯರು ಪಾರುಪತ್ಯಗಾರ ಅನ್ನುತ್ತಿದ್ದರಲ್ಲ, ಅಂಥವನು.

ಆಗ ಐರ್ಲೆಂಡ್ ಕೂಡ ಬ್ರಿಟಿಷರ ಕೈಯಲ್ಲೇ ಇತ್ತು. ಬೆಳೆ ಸರಿಯಾಗಿ ಬಂದಿರಲಿಲ್ಲ. 1880ರಲ್ಲಿ ಗೇಣಿದಾರರು ಗೇಣಿಯಲ್ಲಿ ನೂರಕ್ಕೆ 25 ಇಳಿಸಿ ಎಂದು ಕೇಳಿದರು. ಒಡೆಯ 10 ಇಳಿಸುತ್ತೇನೆ ಅಂದ. ಜನ ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಜಮೀನು ಬಿಡಿಸುವ ನೋಟಿಸು ಹಿಡಿದು ಕೋರ್ಟಿನವನು ಪೊಲೀಸರ ಜೊತೆ ಬಂದಾಗ, ಹೆಂಗಸರು ಮಣ್ಣು, ಸಗಣಿ ಎರಚಿ ಅಟ್ಟಿದರು.

ಅದಕ್ಕೆ ಕೆಲವೇ ದಿನ ಮುಂಚೆ ಎನ್ನಿಸ್ ಎಂಬ ಊರಿನ ಸಭೆಯಲ್ಲಿ ನಾಯಕ ಪಾರ್ನೆಲ್ ಜನರನ್ನು ಕೇಳಿದ್ದ: ಒಬ್ಬನನ್ನು ಒಕ್ಕಲೆಬ್ಬಿಸಿದ ಜಮೀನನ್ನು ಇನ್ನೊಬ್ಬ ಹಿಡಿದರೆ ಅವನನ್ನು ಏನು ಮಾಡಬೇಕು? ಗುಂಡು ಹೊಡೀರಿ ಎಂದು ಯಾರೋ ಕೂಗಿದರು. ಬೇಡ, ಅದಕ್ಕಿಂತ ಒಳ್ಳೆಯ ದಾರಿಯಿದೆ, ಹಿಂದೆ ಕುಷ್ಠರೋಗಿಯನ್ನು ದೂರ ಇಡುತ್ತಿದ್ದಂತೆ ಅವನನ್ನು ಬೀದಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ ದೂರ ಇಡಿ ಅಂದ ಪಾರ್ನೆಲ್. ಹೊಸ ಅಸ್ತ್ರಕ್ಕೆ ಹಿಡಿಯಾಗಿದ್ದು ಹಳೆಯ ಕ್ರೌರ್ಯವೇ. ಈ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಜನ ಅದನ್ನು ಏಜೆಂಟನ ಮೇಲೆಯೇ ಪ್ರಯೋಗಿಸಿದರು. ಆಳುಗಳು ಹೊಲ ಬಿಟ್ಟು ನಡೆದರು. ಕಮ್ಮಾರ ಬರಲಿಲ್ಲ, ಬಟ್ಟೆ ಒಗೆಯುವವಳು ನಿಂತಳು, ಅಂಗಡಿಯವರು ಸಾಮಾನು ಕೊಡಲಿಲ್ಲ. ಎಲ್ಲರೂ ಮನಸಾರೆ ನಿಂತರು ಅನ್ನಲಾಗದು, ಬೆದರಿಕೆಗೆ ನಿಂತವರೂ ಇದ್ದರು. ಬಾಯ್ಕಾಟ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ತನ್ನ ಗೋಳು ಬರೆದ. ಬೆಳೆ ಕೀಳಲು ಬೇರೆ ಜಿಲ್ಲೆಗಳಿಂದ 50 ಜನ ಬಂದರು, ಅವರ ಕಾವಲಿಗೆ ಸಾವಿರದಷ್ಟು ಸೈನಿಕರು, ಪೊಲೀಸರು. ಸುಮಾರು 500 ಪೌಂಡಿನ ಬೆಳೆ ಉಳಿಸಲು 10,000 ಪೌಂಡ್ ಖರ್ಚಾಯಿತು ಎಂದು ಲೆಕ್ಕ. ನವೆಂಬರ್ ಕೊನೆಗೆ ಏಜೆಂಟ್ ಹೆಂಡತಿಯ ಜೊತೆ ಊರು ಬಿಟ್ಟಾಗ ಗಾಡಿ ಹೊಡೆಯಲು ಒಬ್ಬನೂ ಸಿಗದೆ, ಸೈನ್ಯದ ಆಂಬುಲೆನ್ಸ್ ಗಾಡಿಯಲ್ಲಿ ಹೋಗಬೇಕಾಯಿತು.

ಇನ್ನು ಪದದ ಕಥೆ. ಅಮೆರಿಕದಿಂದ ಜೇಮ್ಸ್ ರೆಡ್‌ಪಾತ್ ಎಂಬ ವರದಿಗಾರ ಅಲ್ಲಿಗೆ ಬಂದಿದ್ದ. ಊರಿನ ಪಾದ್ರಿ ಜಾನ್ ಒಮ್ಯಾಲಿ ಜೊತೆ ಊಟಕ್ಕೆ ಕೂತವನು ಪದ ಸಿಗದೆ ತಿನ್ನುವುದನ್ನೇ ಬಿಟ್ಟನಂತೆ. (ಸ್ಟ್ರಿಂಗರ್‌ಗಳಿಗೆ ಈ ಕಷ್ಟ ಗೊತ್ತು, ಆದರೆ ನಾವು ಊಟ ಬಿಡುವುದಿಲ್ಲ.) ಜಾತಿ-ಧರ್ಮದಿಂದ ಹೊರಹಾಕುವುದಕ್ಕೆ ಇಂಗ್ಲಿಷಿನಲ್ಲಿ ಪದವಿತ್ತು, ಸಮಾಜದಿಂದ ದೂರ ಇಡುವುದಕ್ಕೂ ಗ್ರೀಕ್ ಮೂಲದ ದೊಡ್ಡ ಪದವಿತ್ತು. ಆದರೆ ಬಡ ರೈತರು ಜಮೀನ್ದಾರನ ಕಡೆಯವನನ್ನು ದೂರ ಇಟ್ಟರೆ ಅದಕ್ಕೆ ಬೇರೆಯೇ ಪದ ಬೇಕು, ಆ ಪದ ರೈತರಿಗೆ ಅರ್ಥವಾಗಬೇಕು ಎಂಬುದು ರೆಡ್‌ಪಾತ್‌ನ ಚಿಂತೆ. ಪಾದ್ರಿ ಯೋಚಿಸಿ, ಅವನನ್ನು ‘ಬಾಯ್ಕಾಟ್ ಮಾಡುವುದು’ ಅಂದರೆ ಹೇಗೆ ಎಂದ. 1880ರ ಅಕ್ಟೋಬರಿನಲ್ಲಿ ರೆಡ್‌ಪಾತ್ ಅದನ್ನು ಪತ್ರಿಕೆಗೆ ಬರೆದ. ವರ್ಷ ಮುಗಿಯುವಷ್ಟರಲ್ಲಿ ಲಂಡನ್ ಪತ್ರಿಕೆಗಳೂ ಅದನ್ನೇ ಬರೆಯುತ್ತಿದ್ದವು. ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳು ಹೆಸರನ್ನು ಹಾಗೇ ಎತ್ತಿಕೊಂಡವು. ಮರುವರ್ಷ ಅಮೆರಿಕಕ್ಕೆ ಹೋದಾಗ ಬಾಯ್ಕಾಟ್ ತನ್ನ ಮನೆತನದ ಹೆಸರು ಬಿಟ್ಟು ಬರೀ ‘ಕನ್ನಿಂಗ್‌ಹ್ಯಾಮ್’ ಎಂದು ಪ್ರಯಾಣ ಮಾಡಿದ.

1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲ್ ಸಭೆಯಲ್ಲಿ ವಿದೇಶಿ ಸಾಮಾನಿನ ಬಾಯ್ಕಾಟ್‌ಗೆ ನಿರ್ಣಯವಾಯಿತು. ನಮ್ಮ ಭಾಷೆಗಳಲ್ಲಿ ಅದಕ್ಕೆ ಸಿಕ್ಕ ಪದ ಬಹಿಷ್ಕಾರ. ಎಡವಟ್ಟಾದದ್ದು ಇಲ್ಲೇ. ಬಹಿಷ್ಕಾರ ನಮ್ಮಲ್ಲಿ ಹೊಸದಲ್ಲ. ಬಲವಿದ್ದವರು ಕುಲದಿಂದ, ಊರಿನಿಂದ ಹೊರಗೆ ಹಾಕುವುದಕ್ಕೆ ಇದ್ದ ಹಳೆಯ ಪದ. ಅಂಬೇಡ್ಕರ್ 1924ರಲ್ಲಿ ಕಟ್ಟಿದ ಸಂಸ್ಥೆ ‘ಬಹಿಷ್ಕೃತ ಹಿತಕಾರಿಣಿ ಸಭಾ’, 1927ರಲ್ಲಿ ತೆಗೆದ ಪತ್ರಿಕೆ ‘ಬಹಿಷ್ಕೃತ ಭಾರತ’. ಅಲ್ಲಿ ಆ ಪದದ ಅರ್ಥದಲ್ಲಿ ಯಾರಿಗೂ ಅನುಮಾನವಿಲ್ಲ.

ಇಂಗ್ಲಿಷ್ ಪದವೂ ಇಲ್ಲಿಗೆ ಬಂದು ತಿರುಗಿಬಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಆಗ ಮುಂಬೈ ಪ್ರಾಂತದಲ್ಲಿದ್ದವು. ಆ ಪ್ರಾಂತದ ದಲಿತರ ಸ್ಥಿತಿ ನೋಡಲು ನೇಮಿಸಿದ್ದ ಸಮಿತಿ 1930ರಲ್ಲಿ ವರದಿ ಕೊಟ್ಟಿತು. ಅಂಬೇಡ್ಕರ್ ಅದರ ಸದಸ್ಯರು. ಒಳ್ಳೆ ಬಟ್ಟೆ ಉಟ್ಟರೆ, ತುಂಡು ಜಮೀನು ಕೊಂಡರೆ, ಮದುವೆ ಗಂಡು ಕುದುರೆ ಹತ್ತಿದರೆ ಊರು ‘ಸೋಷಿಯಲ್ ಬಾಯ್ಕಾಟ್’ ಹಾಕುತ್ತದೆ ಎಂದು ಅದರಲ್ಲಿದೆ. ಐರ್ಲೆಂಡಿನಲ್ಲಿ ಆಳುಗಳ ಕೈಯಲ್ಲಿದ್ದದ್ದು ಇಲ್ಲಿ ಹೊಲದ ಒಡೆಯರ ಕೈಯಲ್ಲಿತ್ತು.

ಈಗ ಆ ಏಜೆಂಟನ ಹೆಸರು ನಮ್ಮ ಕಾನೂನಿನ ಇಂಗ್ಲಿಷ್ ಪಠ್ಯದಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಾದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪರಿಶಿಷ್ಟರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದೂ ಅಪರಾಧ, ಹಾಕುತ್ತೇವೆ ಎಂದು ಬೆದರಿಸುವುದೂ ಅಪರಾಧ. ಆರು ತಿಂಗಳಿಂದ ಐದು ವರ್ಷ ಜೈಲು, ಜೊತೆಗೆ ದಂಡ. ಕೂಲಿಗೆ ಕರೆಯದಿರುವುದು, ವ್ಯಾಪಾರ ಮಾಡದಿರುವುದು, ಬೇರೆಯವರಿಗೆ ಕೊಡುವ ಸೇವೆ ಕೊಡದಿರುವುದು, ಎಲ್ಲವೂ ಅದರ ವ್ಯಾಖ್ಯೆಯಲ್ಲಿದೆ.

ಇದನ್ನು ಹೇಳೋಣ ಎಂದು ಅಜ್ಜನ ಊರಿಗೆ ಮತ್ತೆ ಹೋದೆ. ‘ಬಹಿಷ್ಕಾರ ಹಾಕಲಾಗಿದೆ’ ಎಂದು ಬರೆದಿದ್ದೆನಲ್ಲ, ಹಾಕಿದವರು ಯಾರೆಂದು ನನ್ನ ಸುದ್ದಿಯಲ್ಲಿ ಇರಲೇ ಇಲ್ಲ. ಈ ಸಲ ಒಂದೊಂದೇ ಕೇಳಿ ಬರೆದುಕೊಂಡೆ. ಗಿರಣಿಯವನು ಇಲ್ಲ ಅಂದನಾ ಎಂದು ಕೇಳಿದೆ. “ಇಲ್ಲ ಅನ್ನಲ್ಲ ಕಣಪ್ಪಾ,” ಅಂದರು ಅಜ್ಜ. “ನಾವು ಹೋದಾಗೆಲ್ಲ ಕರೆಂಟಿಲ್ಲ ಅಂತಾನೆ.”