ಹರೆಯ ದಾಟಿದ ಕ್ರೀಕ್

ಬ್ರಸೆಲ್ಸ್‌ನ ಸ್ಕಾರ್‌ಬೇಕ್ ಈಗ ಟ್ರಾಮ್ ಹಳಿಗಳ, ಒತ್ತೊತ್ತಾಗಿ ನಿಂತ ಸಾಲುಮನೆಗಳ ಬಡಾವಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಗರ ಬೆಳೆದು ನುಂಗುವ ತನಕ ಅದು ಹುಳಿ ಚೆರ್ರಿ ತೋಟಗಳಿದ್ದ ಹಳ್ಳಿ. ರೈತರು ಕತ್ತೆಗಳ ಮೇಲೆ ಹಣ್ಣು ಹೇರಿಕೊಂಡು ನಗರದ ಸಂತೆಗೆ ಹೋಗುತ್ತಿದ್ದರು. ಕತ್ತೆಗಳ ಊರೆಂಬ ಅಡ್ಡಹೆಸರು ಇನ್ನೂ ಉಳಿದಿದೆ. ಅಲ್ಲಿನ ಜೋಸಫಾತ್ ಉದ್ಯಾನದಲ್ಲಿ ಕತ್ತೆಗಳನ್ನು ಸಾಕುತ್ತಾರೆ. ತೋಟಗಳು ಮಾತ್ರ ಇಲ್ಲ. ಹುಳಿ ಚೆರ್ರಿ ಹಾಕಿ ಮಾಡುವ ಕ್ರೀಕ್ ಬಿಯರಿಗೆ ಬೇಕಾದ ಹಣ್ಣಿನಲ್ಲಿ ಬಹುಪಾಲು ಈಗ ಪೋಲೆಂಡಿನಂಥ ದೂರದ ಕಡೆಯಿಂದ ಬರುತ್ತದೆ.

ಕ್ರೀಕ್ ಅರ್ಥವಾಗಬೇಕಾದರೆ ಮೊದಲು ಅದಕ್ಕೆ ಮೂಲವಾದ ಲ್ಯಾಂಬಿಕ್ ಬಿಯರ್ ಅರ್ಥವಾಗಬೇಕು. ಮೊಳಕೆ ಬರಿಸಿದ ಬಾರ್ಲಿ ಮತ್ತು ಮೊಳಕೆ ಬರಿಸದ ಗೋಧಿ ಸೇರಿಸಿ ಕುದಿಸಿದ ರಸವನ್ನು ಮಾಡಿನ ಕೆಳಗಿನ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಹುದುಗನ್ನು ಯಾರೂ ಹಾಕುವುದಿಲ್ಲ. ಸೆನ್ನೆ ಕಣಿವೆಯ ಗಾಳಿಯಲ್ಲೂ ಹಳೆಯ ಪೀಪಾಯಿಗಳ ಮರದಲ್ಲೂ ಇರುವ ಕಾಡು ಯೀಸ್ಟ್, ಬ್ಯಾಕ್ಟೀರಿಯಾಗಳೇ ಆ ಕೆಲಸ ಮಾಡುತ್ತವೆ. ಅದಕ್ಕೆ ತಂಪು ಬೇಕು. ಬೇಸಿಗೆಯಲ್ಲಿ ಬಿಯರ್ ಬೇಯಿಸುವುದಿಲ್ಲ. ರಸಕ್ಕೆ ಹಾಕುವ ಹಾಪ್ಸ್ ಹೂ ಕೂಡ ವರ್ಷಗಟ್ಟಲೆ ಇಟ್ಟು ಕಹಿ ಕಳೆದದ್ದು. ಜೇಡರ ಬಲೆಯನ್ನು ಗುಡಿಸುವಂತಿಲ್ಲ, ಹಣ್ಣಿನ ನೊಣಗಳನ್ನು ಹಿಡಿಯುವವು ಅವೇ.

ಜುಲೈ ಹೊತ್ತಿಗೆ ಚೆರ್ರಿ ಬರುತ್ತದೆ, ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಅದನ್ನು ಬೀಜಸಮೇತ ಲ್ಯಾಂಬಿಕ್ ಪೀಪಾಯಿಗೆ ಸುರಿಯುತ್ತಾರೆ. 1900ರಲ್ಲಿ ಆರಂಭವಾದ ಕ್ಯಾಂಟಿಯನ್ ಬ್ರೂವರಿಯಲ್ಲಿ ಲೀಟರಿಗೆ ಸುಮಾರು 200 ಗ್ರಾಂ ಹಣ್ಣು ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದುಬಿಡುತ್ತದೆ. ಬಣ್ಣ, ಪರಿಮಳ, ಒಗರು ಬಿಯರಿಗೆ ಇಳಿಯುತ್ತವೆ. ಸಿರಪ್ ಬೆರೆಸಿದ ಸಿಹಿ ಕ್ರೀಕ್ ಕುಡಿದವರಿಗೆ ಇದರ ಹುಳಿ ಊಹೆಗೂ ಬಾರದು.

ಆಹಾರ ರಸಾಯನ ಕಲಿತವಳಾದ್ದರಿಂದ ಈ ಬಿಯರ್ ಹೇಗೆ ಮುದಿಯಾಗುತ್ತದೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಬ್ರಸೆಲ್ಸಿನಲ್ಲಿ ನೆರೆಮನೆಯ ಹಿರಿಯರೊಬ್ಬರು ತಮ್ಮ ನೆಲಮಾಳಿಗೆಯಿಂದ 2004ರ ಕ್ರೀಕ್ ಬಾಟಲಿಯೊಂದನ್ನು ತಂದು, ಗಷ್ಟು ಕದಡದಂತೆ ಓರೆಯಾಗಿಯೇ ಹಿಡಿದು ಬೂಚು ತೆಗೆದರು. ಸದ್ದೇ ಬರಲಿಲ್ಲ. ನೊರೆ ಗ್ಲಾಸಿನ ಅಂಚಿಗೆ ತೆಳುವಾಗಿ ಅಂಟಿ ಇಳಿದುಹೋಯಿತು. ಹೊಸ ಕ್ರೀಕ್‌ನ ಕಡುಗೆಂಪು ಎಲ್ಲಿ! ಇದು ಹಳೆಯ ಹುಣಸೆಹಣ್ಣಿನ ಹಾಗೆ ಕಂದಿಹೋಗಿತ್ತು. ಚೆರ್ರಿಗೆ ಬಣ್ಣ ಕೊಡುವ ಆಂಥೋಸಯಾನಿನ್ ಕಾಲಕಳೆದಂತೆ ಒಗರಿನ ಟ್ಯಾನಿನ್ ಜೊತೆ ಕೂಡಿಕೊಳ್ಳುತ್ತದೆ, ಒಂದಷ್ಟು ಒಡೆದೂ ಹೋಗುತ್ತದೆ. ಕೆಂಪು ಮಾಸಿ ಕಂದಾಗುವುದು ಅದರಿಂದ. ಮೂಗಿಗೆ ಮೊದಲು ಬಂದದ್ದು ನೆಲಮಾಳಿಗೆಯ ತೇವ, ತೊಗಲು, ಒಣಹುಲ್ಲು. ಅವೆಲ್ಲ ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟಿನ ಗುರುತುಗಳು. ಅದರ ಹಿಂದೆ ಬೀಜದಿಂದ ಇಳಿದ ಕಹಿ ಬಾದಾಮಿಯ ಎಳೆ. ಬಾಯಲ್ಲಿ ಚೂಪಾದ ಹುಳಿ, ಅಂಗುಳಕ್ಕೆ ಹತ್ತುವ ಒಗರು. ಹಣ್ಣಿಗಾಗಿ ಮತ್ತೆ ಮತ್ತೆ ಗುಟುಕರಿಸಿದೆ. ಅದು ಸಿಗಲಿಲ್ಲ.

“ನಮ್ಮಪ್ಪ ಇದನ್ನ ಇಷ್ಟು ದಿನ ಇಡ್ತಾನೇ ಇರಲಿಲ್ಲ,” ಎಂದರು ಅವರು. “ಮುಂದಿನ ಚೆರ್ರಿ ಬರೋದ್ರೊಳಗೆ ಖಾಲಿಯಾಗ್ತಿತ್ತು.”

ಆ ಮಾತಿನಲ್ಲಿ ಈ ಕಸುಬಿನ ತಿಳಿವೆಲ್ಲ ಇದೆ ಎಂದು ನನಗನ್ನಿಸುತ್ತದೆ. ಹಣ್ಣು ಹಾಕದೆ, ಹೊಸ ಹಳೆಯ ಲ್ಯಾಂಬಿಕ್‌ಗಳನ್ನು ಬೆರೆಸಿ ಮಾಡುವ ಗ್ಯೂಜ್ ಇಟ್ಟಷ್ಟೂ ಹದವಾಗುತ್ತದೆ. 20 ವರ್ಷ ಮುಂದಿನ ದಿನಾಂಕ ಅಚ್ಚಾದ ಬಾಟಲಿಗಳೂ ಇವೆ. ಕ್ರೀಕ್ ಹಾಗಲ್ಲ. ಹುಳಿಗೆ ಆಯುಸ್ಸು ಹೆಚ್ಚು, ಹಣ್ಣಿಗೆ ಕಡಿಮೆ. ಹಳೆಯದೆಂಬ ಒಂದೇ ಕಾರಣಕ್ಕೆ ಸಂಗ್ರಹಕಾರರು ಇಂಥ ಬಾಟಲಿಗೆ ದುಬಾರಿ ಬೆಲೆ ತೆರುವುದು ನನಗೆ ನೋವಿನ ಸಂಗತಿ. ಒಂದು ಬೇಸಿಗೆಯ ಫಸಲನ್ನು ಅವರು ಕತ್ತಲಲ್ಲಿ ಸಾಯಲು ಬಿಡುತ್ತಿದ್ದಾರೆ.

ಬ್ರಸೆಲ್ಸಿಗೆ ಹೋದರೆ ಆಂಡರ್ಲೆಕ್ಟ್‌ನಲ್ಲಿರುವ ಕ್ಯಾಂಟಿಯನ್‌ಗೆ ಹೋಗಿ. 1978ರಿಂದ ಅದು ವಸ್ತುಸಂಗ್ರಹಾಲಯವೂ ಹೌದು. ಪೀಪಾಯಿಗಳ ಸಾಲು ನೋಡಿ, ಹೊಸದಾಗಿ ಬಾಟಲಿಗಿಳಿದ ಕ್ರೀಕ್ ಕೇಳಿ, ಅಲ್ಲೇ ಕುಡಿಯಿರಿ. ಮನೆಗೆ ತಂದು ಇಡಬೇಕೆಂದರೆ ಗ್ಯೂಜ್ ತನ್ನಿ.